ಹಳೇ ರೇಸ್ ಸೈಕಲ್ ಸಿಕ್ಕಿದರೆ ಮೊದಲು ಬಣ್ಣ ಬಳಿಯಬೇಡಿ

ಸೋದರಮಾವನ ರೇಸ್ ಸೈಕಲ್ಲನ್ನು ಅಟ್ಟದಿಂದ ಇಳಿಸಿದ ಮೇಲೆ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಸೀದಾ ಪೇಂಟಿಂಗಿಗೆ ಕೊಟ್ಟೆ. ಅದೂ ಕಕ್ಕಡದಲ್ಲಿ, ಅಂದರೆ ನಮ್ಮ ಕೊಡಗಿನ ಜುಲೈ-ಆಗಸ್ಟಿನ ಮಳೆ ತಿಂಗಳಲ್ಲಿ, ಹೊರಗೆ ಮಳೆ ಧೋ ಅಂತ ಸುರಿಯುತ್ತಿದ್ದಾಗ. ಪೇಂಟಿನವರು ಗ್ರೈಂಡರ್ ಹಿಡಿದು ಹಳೇ ಬಣ್ಣವನ್ನೆಲ್ಲ ಕೆರೆದರು, ಅದರ ಜೊತೆಗೆ ಯಾರೋ ಕೈಯಲ್ಲಿ ಎಳೆದಿದ್ದ ಬಂಗಾರದ ಗೀಟುಗಳೂ ಹೋದವು, ಸೀಟಿನ ಕೆಳಗೆ ಒತ್ತಿದ್ದ ನಂಬರಿನಲ್ಲಿ ಅರ್ಧವೂ ಹೋಯಿತು. ಕೈಲ್‌ಪೊಳ್ದಿನ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಶುರುವಿನ ಆ ಹಬ್ಬಕ್ಕೆ, ಹೊಸ ಬಣ್ಣ ಗುಳ್ಳೆ ಎದ್ದಿತ್ತು. ಗುಳ್ಳೆ ಒಡೆದು ನೋಡಿದರೆ ಅದೇ ಹಳೇ ತುಕ್ಕು. ಅದು ಕೊಳವೆಯ ಒಳಗಿನಿಂದ, ಬೆಸುಗೆಯ ಸಂದಿಯಿಂದ ಬರುತ್ತಿತ್ತು. ಮೇಲೆ ಎಷ್ಟು ಬಳಿದರೂ ಅಷ್ಟೇ.

ಆಮೇಲೆ ಕುಶಾಲನಗರದ ಗುಜರಿಯಲ್ಲಿ ಇನ್ನೊಂದು ಸಿಕ್ಕಿತು. ಅದನ್ನು ನಿಧಾನವಾಗಿ, ಸರಿಯಾದ ಕ್ರಮದಲ್ಲಿ ಮಾಡಿದೆ. ಕೆಳಗೆ ಬರೆದಿರುವುದು ಆ ಎರಡನೆಯದರಿಂದ ಕಲಿತದ್ದು.

ಮೊದಲು ನಿಮ್ಮ ಕೈಯಲ್ಲಿರುವುದು ಏನು ಅಂತ ತಿಳಿಯಬೇಕು. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ನಮ್ಮಲ್ಲಿ ದೊಡ್ಡ ಸೈಕಲ್ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದವು. 1949ರಲ್ಲಿ ಮದ್ರಾಸಿನ ಮುರುಗಪ್ಪ ಮನೆತನ ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಟಿ.ಐ. ಸೈಕಲ್ಸ್ ಶುರು ಮಾಡಿತು. ಅಂಬತ್ತೂರಿನ ಆ ಕಾರ್ಖಾನೆಯಿಂದ ಹರ್ಕ್ಯುಲಿಸ್ ಬಂತು, ಮುಂದೆ ಬಿ.ಎಸ್.ಎ. ಬಂತು. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಬಂಗಾಳದ ಅಸನ್ಸೋಲ್‌ನಲ್ಲಿ ಸೆನ್-ರಾಲಿ. ಇವರೆಲ್ಲ ಮಾಡುತ್ತಿದ್ದುದು ಮುಖ್ಯವಾಗಿ ಹಾಲಿನ ಕ್ಯಾನು, ಅಕ್ಕಿ ಮೂಟೆ, ಹೆಂಡತಿ ಮಕ್ಕಳು ಎಲ್ಲರನ್ನೂ ಹೊರುವ ಕಪ್ಪು ಸೈಕಲ್ಲನ್ನೇ. ರೇಸಿನ ಸೈಕಲ್ ಬೇಕು ಅಂದರೆ ಹೊರದೇಶದಿಂದ ತರಬೇಕು, ಅದಕ್ಕೆ ಲೈಸೆನ್ಸು, ಸುಂಕ, ಅಲೆದಾಟ. ನಮ್ಮಂಥವರಿಗೆ ಆಗುವ ಮಾತಲ್ಲ. ಅಟ್ಲಾಸ್ ತನ್ನ ರೇಸ್ ಸೈಕಲ್ಲನ್ನು ತಂದದ್ದು 1978ರಲ್ಲಿ. 1982ರ ದೆಹಲಿ ಏಷ್ಯನ್ ಗೇಮ್ಸಿಗೆ ಸೈಕಲ್ ಕೊಟ್ಟದ್ದೂ ಅವರೇ. ಆ ಕಂಪನಿಯ ಕೊನೆಯ ದೊಡ್ಡ ಕಾರ್ಖಾನೆ, ಸಾಹಿಬಾಬಾದಿನದು, ನಿಂತದ್ದು 2020ರ ಜೂನ್ 3ರಂದು. ವಿಶ್ವ ಸೈಕಲ್ ದಿನದಂದೇ, ನೋಡಿ.

ಕೊಳವೆಯ ವಿಚಾರದಲ್ಲಿ ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 1935ರಿಂದಲೇ ರೆನಾಲ್ಡ್ಸ್ 531 ಅನ್ನುವ ಉಕ್ಕು ಇತ್ತು. ತುದಿಯಲ್ಲಿ ದಪ್ಪ, ನಡುವೆ ತೆಳು, ಹಾಗಾಗಿ ಹಗುರ. ನಮ್ಮ ಸೈಕಲ್ಲುಗಳದು ಉದ್ದಕ್ಕೂ ಒಂದೇ ದಪ್ಪದ ಸಾದಾ ಕೊಳವೆ. ಎತ್ತಿದರೆ ಗೊತ್ತಾಗುತ್ತದೆ, ರೇಸ್ ಹ್ಯಾಂಡಲ್ ಇದ್ದರೂ ಭಾರವೇ. ಆದರೆ ಆ ದಪ್ಪವೇ ಇವತ್ತು ನಮ್ಮ ಪುಣ್ಯ. ತೆಳು ಕೊಳವೆಯಾಗಿದ್ದರೆ ಇಷ್ಟು ಮಳೆಗಾಲಕ್ಕೆ ಜಾಲರಿ ಆಗಿರುತ್ತಿತ್ತು.

ಇನ್ನೊಂದು ಮಾತು. ಬಾಗಿದ ಕೊಂಬಿನ ಹ್ಯಾಂಡಲ್ ಇದ್ದ ಮಾತ್ರಕ್ಕೆ ಅದು ರೇಸ್ ಸೈಕಲ್ ಅಲ್ಲ. ಎಷ್ಟೋ ಹುಡುಗರು ಸಾದಾ ಸೈಕಲ್ಲಿಗೇ ಹ್ಯಾಂಡಲ್ ಬದಲಿಸಿ, ಮಡ್‌ಗಾರ್ಡ್ ಕಿತ್ತು ಓಡಿಸುತ್ತಿದ್ದರು. ಹ್ಯಾಂಡಲ್ಲಿಗೆ ದುಡ್ಡಿಲ್ಲದವರು ಇದ್ದದ್ದನ್ನೇ ಉಲ್ಟಾ ಹಾಕುತ್ತಿದ್ದರು. ಗುರುತಿಗೆ ಟೈರ್ ನೋಡಿ. ಟೈರಿನ ಪಕ್ಕದಲ್ಲಿ ಒತ್ತಿರುವ ಕೊನೆಯ ಮೂರಂಕಿ ರಿಮ್ಮಿನ ಅಳತೆ. 635 ಇದ್ದರೆ 28 ಇಂಚಿನ ಕಪ್ಪು ಸೈಕಲ್ಲಿನ ಚಕ್ರ. 590 ಇದ್ದರೆ 26 × 1⅜ರ ಹಗುರ ಸೈಕಲ್ಲಿನದು. 630 ಇದ್ದರೆ 27 × 1¼, ರೇಸ್ ಮಾದರಿಯದು. ರಿಮ್ಮಿನ ಅಂಚು ಒಳಕ್ಕೆ ಸುರುಳಿ ಸುತ್ತಿದ್ದರೆ ಅದು ಕಡ್ಡಿ ಬ್ರೇಕಿನ (ತಂತಿಯ ಬದಲು ಕಬ್ಬಿಣದ ಕಡ್ಡಿ ಎಳೆಯುವ ಬ್ರೇಕಿನ) ರಿಮ್, ಹಾಗಾದರೆ ನಿಮ್ಮದು ವೇಷ ಹಾಕಿದ ಕಪ್ಪು ಸೈಕಲ್. ಅದನ್ನೂ ಬಿಸಾಡಬೇಡಿ, ನನಗಂತೂ ಅಂಥವೇ ಜಾಸ್ತಿ ಇಷ್ಟ. ನನ್ನ ಗುಜರಿ ಸೈಕಲ್ಲಿಗೆ ಮುಂದಿನ ಕಂಪನಿ ಹೆಸರಿನ ಬಿಲ್ಲೆಯೇ ಇಲ್ಲ, ಎರಡು ರಿವೆಟ್ ತೂತು ಮಾತ್ರ. ಮಾವ ಒಂದು ಕಂಪನಿ ಹೆಸರು ಹೇಳುತ್ತಾರೆ, ಸೈಕಲ್ ಶಾಪಿನವರು ಇನ್ನೊಂದು. ಇಬ್ಬರೂ ಸೋಲುವುದಿಲ್ಲ.

ಬಿಚ್ಚುವ ಮೊದಲು ಫ್ರೇಮ್ ನೆಟ್ಟಗಿದೆಯಾ ನೋಡಿ. ಹ್ಯಾಂಡಲ್ ಕೂರುವ ಕೊಳವೆಯ ಹಿಂದೆ, ಕೆಳ ಪೈಪಿನ ತಳದಲ್ಲಿ ಬೆರಳು ಆಡಿಸಿ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ, ಉಬ್ಬಿದ್ದರೆ, ಎಲ್ಲೋ ಗುದ್ದಿಕೊಂಡ ಸೈಕಲ್ ಅದು. ಆಮೇಲೆ ಹಿಂದಿನ ಚಕ್ರ ತೆಗೆದು ಒಂದು ದಾರ ತಗೊಳ್ಳಿ. ಆಕ್ಸಲ್ ಕೂರುವ ಒಂದು ಕಿವಿಗೆ ಕಟ್ಟಿ, ಮುಂದಿನ ಕೊಳವೆಯನ್ನು ಬಳಸಿ, ಇನ್ನೊಂದು ಕಿವಿಗೆ ತಂದು ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಯಿಂದ ಎರಡೂ ಕಡೆಯ ದಾರಕ್ಕೆ ಎಷ್ಟು ದೂರ ಅಳೆಯಿರಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. ಜಾಸ್ತಿ ಇದ್ದರೆ ಅನುಭವ ಇರುವವರ ಹತ್ತಿರ ಬಗ್ಗಿಸಿ ನೇರ ಮಾಡಿಸಬಹುದು, ಬಿಸಿ ಮಾಡುವುದೂ ಬೇಡ. ಉಕ್ಕಿನ ಸುಖವೇ ಅದು. ಕೊಳವೆಯಲ್ಲೇ ಬಿರುಕು ಕಂಡರೆ ಮಾತ್ರ ಹಿತ್ತಾಳೆ ಬೆಸುಗೆ ಗೊತ್ತಿರುವವರಿಗೇ ಕೊಡಿ, ಗೇಟಿಗೆ ವೆಲ್ಡಿಂಗ್ ಮಾಡುವವರಿಗೆ ಬೇಡ.

ಬಿಚ್ಚುವಾಗ ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೋ ತೆಗೆದಿಡಿ. ತಿರುಗಿಸುವ ದಿಕ್ಕು ನೆನಪಿರಲಿ. ಎಡಗಡೆಯ ಪೆಡಲ್ಲಿಗೂ, ಬಲಗಡೆಯ ಬಿ.ಬಿ. ಕಪ್ಪಿಗೂ (ಬಿ.ಬಿ. ಅಂದರೆ ಬಾಟಮ್ ಬ್ರಾಕೆಟ್, ಪೆಡಲಿನ ಅಚ್ಚು ಕೂರುವ ಜಾಗ) ತಿರುಪಿನ ಎಳೆ ಉಲ್ಟಾ. ಇದು ಗೊತ್ತಿಲ್ಲದೆ ಸ್ಪ್ಯಾನರಿಗೆ ಪೈಪ್ ಹಾಕಿ ಬಲ ಬಿಟ್ಟು, ಇನ್ನೂ ಬಿಗಿ ಮಾಡಿದವರು ಬಹಳ ಜನ. ರಾಲಿ ಹೆಸರಿನ ಸೈಕಲ್ಲಾದರೆ ಬಿ.ಬಿ. ಕಪ್ ಕೊಳ್ಳಲು ಹೋಗುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಇಂಗ್ಲೆಂಡಿನ ರಾಲಿಯದು ಇಂಚಿಗೆ 26 ಎಳೆ, ಉಳಿದವರದು ಸಾಮಾನ್ಯವಾಗಿ 24. ಒಂದರಲ್ಲಿ ಇನ್ನೊಂದನ್ನು ತಿರುಪಿದರೆ ಫ್ರೇಮಿನ ಎಳೆಯೇ ಹಾಳು.

ಇನ್ನು ಕಾಟರ್ ಪಿನ್, ಅಂದರೆ ಪೆಡಲಿನ ಕೋಲನ್ನು (ಕ್ರ್ಯಾಂಕ್) ಅಚ್ಚಿಗೆ ಬಿಗಿಯುವ ಪಿನ್. ಹಳೇ ಸೈಕಲ್ ಹಾಳಾಗುವುದು ಓಡಿಸುವಾಗ ಅಲ್ಲ, ಈ ಪಿನ್ ತೆಗೆಯುವಾಗ. ಸುಮ್ನೆ ಸುತ್ತಿಗೆಯಲ್ಲಿ ಬಡಿದರೆ ಪಿನ್ನಿನ ತುದಿ ಅಣಬೆಯ ಹಾಗೆ ಅರಳಿ ಅಲ್ಲೇ ಕೂತುಬಿಡುತ್ತದೆ, ಹೊಡೆತವೆಲ್ಲ ಒಳಗಿನ ಬೇರಿಂಗ್ ಬಾಲ್ಸಿಗೆ ಬೀಳುತ್ತದೆ. ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಬಿಡುತ್ತಾ ಇರಿ. ದಪ್ಪ ಕಬ್ಬಿಣದ ಪೈಪಿನ ತುಂಡೊಂದನ್ನು ನೆಲಕ್ಕೂ ಕ್ರ್ಯಾಂಕಿಗೂ ನಡುವೆ ನೆಟ್ಟಗೆ ನಿಲ್ಲಿಸಿ, ಪಿನ್ನಿನ ತಲೆ ಆ ಪೈಪಿನ ಬಾಯೊಳಗೆ ಬರಬೇಕು. ನಟ್ಟನ್ನು ಎಳೆಯ ತುದಿಗೆ ಸಮನಾಗುವ ತನಕ ಸಡಿಲಿಸಿ. ಈಗ ಭಾರದ ಸುತ್ತಿಗೆಯಿಂದ ಒಂದೇ ಒಂದು ಗಟ್ಟಿ ಏಟು. ಹತ್ತು ಮೆಲ್ಲನೆಯ ಏಟು ಕೆಡಿಸುವುದನ್ನು ಒಂದು ಗಟ್ಟಿ ಏಟು ಬಿಡಿಸುತ್ತದೆ. ಹೊಸ ಪಿನ್ ಸಾಮಾನ್ಯವಾಗಿ 9.5 ಮಿಲಿಮೀಟರಿನದು. ಎರಡೂ ಪಿನ್ ಒಂದಕ್ಕೊಂದು ಉಲ್ಟಾ ದಿಕ್ಕಿನಲ್ಲಿ ಕೂರಬೇಕು, ಇಲ್ಲದಿದ್ದರೆ ಎರಡು ಪೆಡಲ್ ಒಂದೇ ಗೆರೆಯಲ್ಲಿ ಬರುವುದಿಲ್ಲ. ಪಿನ್ನಿನ ಚಪ್ಪಟೆ ಮುಖ ಸರಿಯಾಗಿ ಕೂರದಿದ್ದರೆ ಅರ ಹಾಕಿ ಉಜ್ಜಿ. 50 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಬಡಿದು ನಟ್ ಬಿಗಿ ಮಾಡಿ. ಇದನ್ನು ಮರೆತೇ ಎಲ್ಲರ ಕ್ರ್ಯಾಂಕೂ ಟಕ್ ಟಕ್ ಅನ್ನುವುದು.

ಬಾಲ್ಸ್ ತೆಗೆಯುವಾಗ ಎಣಿಸಿ. ಬಿ.ಬಿ.ಯಲ್ಲಿ ಸಾಮಾನ್ಯವಾಗಿ ಕಾಲಿಂಚಿನವು ಒಂದೊಂದು ಕಡೆಗೆ 11, ಹಿಂದಿನ ಚಕ್ರದ ನಡುವಿನ ಹಬ್ಬಿನಲ್ಲಿ ಕಾಲಿಂಚಿನವೇ 9, ಮುಂದಿನದರಲ್ಲಿ 3/16 ಇಂಚಿನವು 10. ಹಳೆಯವನ್ನು ಮತ್ತೆ ಹಾಕಬೇಡಿ, ಹೊಸದಕ್ಕೆ ಬಹಳ ದುಡ್ಡೇನೂ ಆಗುವುದಿಲ್ಲ. ಬಾಲ್ಸ್ ಉರುಳುವ ಕೋನ್ ಮೇಲೆ ಗುಂಡಿ ಬಿದ್ದಿದ್ದರೆ ಅದನ್ನೂ ಬದಲಿಸಿ. ಗ್ರೀಸ್ ಧಾರಾಳವಾಗಿರಲಿ, ನಮ್ಮೂರಲ್ಲಿ ನೀರನ್ನು ಹೊರಗೆ ತಡೆಯುವುದೇ ಅದು.

ಈಗ ತುಕ್ಕು. ನಿಕಲ್ ಹೊಳಪಿನ ಭಾಗಗಳಿಗೆ ಉಪ್ಪು ಕಾಗದ ತಾಗಿಸಲೇಬೇಡಿ. ಊಟ ಕಟ್ಟಿಕೊಡುವ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿ. ಹೊಳಪಿಗೆ ಗೀರು ಬೀಳದೆ ತುಕ್ಕು ಹೋಗುತ್ತದೆ. ಸಣ್ಣ ಸಾಮಾನುಗಳನ್ನು ನಿಂಬೆ ಉಪ್ಪಿನ ನೀರಲ್ಲಿ, ಲೀಟರಿಗೆ ಎರಡು ಮೂರು ಚಮಚ ಹಾಕಿ, ಕೆಲವು ಗಂಟೆ ನೆನೆಸಬಹುದು. ತೆಗೆದ ಕೂಡಲೇ ಅಡುಗೆ ಸೋಡಾದ ನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ. ಯಾರೋ ನನಗೆ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿರಸ, ಹಾಕು ಅಂದರು. ಹುಳಿಯೇನೋ ಹೌದು, ಕೆಲಸವೂ ಆದೀತು. ಆದರೆ ಅದರ ಬೆಲೆ ಗೊತ್ತಿದ್ದವರು ಅದನ್ನು ಪಂದಿ ಕರಿಗೇ ಬಿಡುತ್ತಾರೆ.

ಫ್ರೇಮನ್ನು ಮಾತ್ರ ಹುಳಿ ನೀರಲ್ಲಿ ಮುಳುಗಿಸಬೇಡಿ. ಒಳಗೆ ಹೊಕ್ಕದ್ದು ಹೊರಗೆ ಬರುವುದಿಲ್ಲ. ಬದಲಿಗೆ ಸೀಟ್ ಕಂಬ, ಫೋರ್ಕ್, ಬಿ.ಬಿ. ಎಲ್ಲ ತೆಗೆದು ತಲೆಕೆಳಗು ಮಾಡಿ ಕುಟ್ಟಿ. ನನ್ನದರಿಂದ ಕಂದು ನೀರು, ತುಕ್ಕಿನ ಪುಡಿ, ಒಂದು ಕಣಜದ ಮಣ್ಣಿನ ಗೂಡು ಬಿತ್ತು. ನೀರು ಹೋಗುವುದು ಸೀಟ್ ಕಂಬದ ಸೀಳಿನಿಂದ. ಇಳಿದು ಬಿ.ಬಿ.ಯಲ್ಲಿ ಕೆರೆ ಕಟ್ಟುತ್ತದೆ. ಉದ್ದ ಬ್ರಷ್ ತೂರಿಸಿ ಕೆರೆದು, ಕಾಫಿ ಕಣದ ಬಿಸಿಲಲ್ಲಿ ಎರಡು ಮೂರು ದಿನ ಒಣಗಿಸಿ. ಆಮೇಲೆ ಪೇಂಟ್ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆಯನ್ನು ಕೊಳವೆಗಳೊಳಗೆ ಹೊಯ್ದು, ಫ್ರೇಮನ್ನು ಎಲ್ಲ ದಿಕ್ಕಿಗೂ ಉರುಳಿಸಿ, ಉಳಿದದ್ದನ್ನು ಸೋರಲು ಬಿಡಿ. ಒಂದು ವಾರದಲ್ಲಿ ಒಳಗೆ ಗಟ್ಟಿ ಪೊರೆಯಾಗುತ್ತದೆ. ಎಚ್ಚರ, ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಸೀಟು, ಹ್ಯಾಂಡಲ್ ಟೇಪು ನಿಮ್ಮಿಷ್ಟ. ಬ್ರೇಕ್ ಮಾತ್ರ ಇಷ್ಟಕ್ಕೆ ಬಿಟ್ಟದ್ದಲ್ಲ. ಹೊಳಪಿನ ಉಕ್ಕಿನ ರಿಮ್ ಒದ್ದೆಯಾದರೆ ರಬ್ಬರ್ ಅದನ್ನು ಹಿಡಿಯುವುದೇ ಇಲ್ಲ, ಎರಡು ಕೈಯಲ್ಲಿ ಅದುಮಿದರೂ ಸೈಕಲ್ ಹೋಗುತ್ತಲೇ ಇರುತ್ತದೆ. ಬಯಲುಸೀಮೆಯಲ್ಲಿ ನಡೆಯುತ್ತದೆ. ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುವಾಗ ಮಳೆ ಹಿಡಿದರೆ? ಇಲ್ಲಿ ನಾನು ಹಳೆಯದೇ ಬೇಕು ಅನ್ನುವ ಹಟ ಬಿಟ್ಟೆ. ಹಳೇ ರಿಮ್‌ಗಳನ್ನು ಒರೆಸಿ ಎತ್ತಿಟ್ಟು, ಅಲ್ಯೂಮಿನಿಯಂ ರಿಮ್ ಕಟ್ಟಿಸಿದೆ. 630ರ ಅಲ್ಯೂಮಿನಿಯಂ ರಿಮ್ ಹುಡುಕುವುದು ಕಷ್ಟ, ಆದರೆ ಈಗಿನ 700ಸಿ ರಿಮ್ಮಿನ ಅಳತೆ 622. ವ್ಯಾಸದಲ್ಲಿ 8 ಮಿಲಿಮೀಟರ್ ಕಮ್ಮಿ, ಅಂದರೆ ಬ್ರೇಕ್ ರಬ್ಬರನ್ನು 4 ಮಿಲಿಮೀಟರ್ ಒಳಕ್ಕೆ ಇಳಿಸಿದರೆ ಸಾಕು. ಬ್ರೇಕಿನ ಸೀಳಿನಲ್ಲಿ ಅಷ್ಟು ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಹಬ್ಬಿನಲ್ಲಿರುವಷ್ಟೇ ಸ್ಪೋಕ್ ತೂತು ರಿಮ್ಮಿನಲ್ಲೂ ಇರಬೇಕು. ಬ್ರೇಕ್ ತಂತಿ, ಅದರ ಹೊರ ಕವಚ ಎರಡನ್ನೂ ಹೊಸದು ಹಾಕಿ.

ನಿಮ್ಮದು ಗೇರಿಲ್ಲದ್ದಾದರೆ ಫ್ರೀವೀಲಿನ, ಅಂದರೆ ಹಿಂದಿನ ಹಲ್ಲುಚಕ್ರದ, ಬಗ್ಗೆಯೂ ಯೋಚಿಸಿ. ಮುಂದೆ 44 ಹಲ್ಲು, ಹಿಂದೆ 18 ಇದ್ದರೆ ಒಂದು ಸುತ್ತು ತುಳಿತಕ್ಕೆ ಸೈಕಲ್ ಐದೂಕಾಲು ಮೀಟರ್ ಓಡುತ್ತದೆ. ಮೈಸೂರಿನ ರಿಂಗ್ ರಸ್ತೆಗೆ ಚೆನ್ನ. ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆ ಏರುವಾಗ ಇಳಿದು ತಳ್ಳಬೇಕು. ಹಿಂದೆ 22 ಹಲ್ಲಿನದು ಹಾಕಿದರೆ ನಾಲ್ಕೂಕಾಲು ಮೀಟರ್ ಚಿಲ್ಲರೆ ಆಗುತ್ತದೆ, ಚೈನಿಗೆ ಎರಡು ಕೊಂಡಿ ಸೇರಿಸಬೇಕಾದೀತು. ಆಮೇಲೂ ಬೆವರು ಇಳಿಯುತ್ತದೆ, ಆದರೆ ಸೀಟಿನ ಮೇಲೆ ಕೂತೇ.

ಬಣ್ಣ ಕಟ್ಟಕಡೆಗೆ. ನನ್ನ ಕೇಳಿದರೆ ಹಳೇ ಬಣ್ಣ ಮುಕ್ಕಾಲು ಇದ್ದರೂ ಮುಟ್ಟಬೇಡಿ. ಸೋಪು ನೀರಲ್ಲಿ ತೊಳೆದು, ಆಯುಧಪೂಜೆಯ ಕುಂಕುಮ ಗಂಧದ ಕಲೆಗಳನ್ನು ಮೆಲ್ಲಗೆ ಒರೆಸಿ, ಮೇಣ ಹಚ್ಚಿ. ಬೋಳಾದ ಕಡೆ ಮಾತ್ರ ಪ್ರೈಮರ್ ಕೊಟ್ಟು ಸಣ್ಣ ಬ್ರಷ್ಷಿನಲ್ಲಿ ತುಂಬಿಸಿ. ಪೂರ್ತಿ ಬಳಿಯಲೇಬೇಕಾದರೆ ಜನವರಿ, ಫೆಬ್ರವರಿಯಲ್ಲಿ, ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ಮುಗಿಸಿ. ಗಾಳಿಯಲ್ಲಿ ತೇವ ಇದ್ದರೆ ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತದೆ, ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ. ಗ್ರೈಂಡರ್ ಬೇಡ ಅಂತ ಪೇಂಟಿನವರಿಗೆ ಬಾಯಿಬಿಟ್ಟು ಹೇಳಿ. ನಂಬರಿನ ಮೇಲೆ ಟೇಪ್ ಅಂಟಿಸಿಯೇ ಕೊಡಿ.

ಮಳೆಗಾಲಕ್ಕೆ ಮುಂಚೆ ಸೀಟ್ ಕಂಬ ಎಳೆದು ಗ್ರೀಸ್ ಹಚ್ಚಿ, ಸೀಳಿನ ಸುತ್ತ ಹಳೇ ಟ್ಯೂಬಿನ ತುಂಡು ಸುತ್ತಿ. ಪ್ಲಾಸ್ಟಿಕ್ ಹೊದಿಸಿ ಇಡಬೇಡಿ, ಒಳಗೆ ಬೆವರುತ್ತದೆ. ನಾನು ಗೋದಾಮಿನ ತೊಲೆಗೆ ಮುಂದಿನ ಚಕ್ರದಿಂದ ನೇತುಹಾಕುತ್ತೇನೆ, ತಿಂಗಳಿಗೊಮ್ಮೆ ಇಳಿಸಿ ಚೈನಿಗೆ ಎಣ್ಣೆ ಬಿಟ್ಟು ಪೆಡಲ್ ತಿರುಗಿಸಿ ಮತ್ತೆ ಏರಿಸುತ್ತೇನೆ.