ಗುಜರಿಗೆ ಹಾಕಿ ಎಂದಿದ್ದ ಆರು ಕಂಪ್ಯೂಟರ್‌ಗಳು

"ಅಣ್ಣಾ, ಇವನ್ನು ಗುಜರಿಗೆ ಹಾಕಿಬಿಡಿ, ಕೆ.ಜಿ. ಲೆಕ್ಕದಲ್ಲಿ ಏನಾದರೂ ಸಿಗುತ್ತದೆ" ಎಂದವರು ಹದಿನೈದು ವರ್ಷಗಳಿಂದ ನನಗೆ ಕಂಪ್ಯೂಟರ್ ಮಾರುತ್ತಿರುವ ಮನುಷ್ಯ. ಮಾತು ಮುಗಿಯುವ ಮೊದಲೇ ಹೊಸ ಯಂತ್ರಗಳ ಕೊಟೇಶನ್ ನನ್ನ ವಾಟ್ಸ್‌ಆ್ಯಪ್‌ಗೆ ಬಂದು ಬಿದ್ದಿತ್ತು. ಒಂದಕ್ಕೆ 38 ಸಾವಿರದ ಹತ್ತಿರ, ಆರಕ್ಕೆ ಎರಡೂಕಾಲು ಲಕ್ಷದ ಮೇಲೆ. ಅದು 2025ರ ಆಗಸ್ಟ್ ತಿಂಗಳು. ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅಪ್‌ಡೇಟ್ ನಿಲ್ಲಿಸುತ್ತದೆ, ವಿಂಡೋಸ್ 10ರ ಕಥೆ ಮುಗಿಯುತ್ತದೆ ಎಂದು ತಂತ್ರಜ್ಞಾನ ಸುದ್ದಿಯವರು ಗ್ರಹಣದ ದಿನ ಟಿ.ವಿ. ಜ್ಯೋತಿಷಿಗಳು ಹೆದರಿಸುವ ಹಾಗೆ ಹೆದರಿಸುತ್ತಿದ್ದ ಕಾಲ.

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಕ್ಕೆ, ಒಂದು ಅಡ್ಡರಸ್ತೆಯಲ್ಲಿ ನನ್ನ ಅಂಗಡಿ. ಡಿ.ಟಿ.ಪಿ., ಜೆರಾಕ್ಸ್, ಆನ್‌ಲೈನ್ ಅರ್ಜಿ, ಲಗ್ನಪತ್ರಿಕೆ, ಕ್ರಯಪತ್ರದ ಕರಡು. ಈ ಕಸುಬಿನವರಿಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ. ನನ್ನ ಆರೂ ಯಂತ್ರಗಳು ಇಂಟೆಲ್ ಕಂಪನಿಯ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್‌ನವು. ವಿಂಡೋಸ್ 11 ಒಳಗೆ ಬಿಟ್ಟುಕೊಳ್ಳುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚೆಗೆ. ಹೆಣ್ಣು ನೋಡಲು ಬಂದವರು ಏಳು ತಲೆಮಾರು ವಿಚಾರಿಸಿದರೆ ಸಾಕೆಂದು ಸುಮ್ಮನಾಗುತ್ತಾರೆ, ಇವರು ಏಳೂ ತಲೆಮಾರನ್ನು ಹೊರಗೆ ನಿಲ್ಲಿಸಿ ಎಂಟನೆಯದನ್ನು ಕೇಳುತ್ತಾರೆ. ಸಾಲದು ಎಂದು ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್‌ನ ಜಾತಕವೂ ಹೊಂದಬೇಕು. ವಿಂಡೋಸ್ 10 ಬಂದ 2015ರಲ್ಲಿ ಮೈಕ್ರೋಸಾಫ್ಟ್‌ನವರೇ ಒಬ್ಬರು ವೇದಿಕೆಯ ಮೇಲೆ ಇದೇ ವಿಂಡೋಸ್‌ನ ಕೊನೆಯ ಆವೃತ್ತಿ ಎಂದಿದ್ದರು. "ಇದೇ ನನ್ನ ಕೊನೆಯ ಚುನಾವಣೆ" ಎಂಬ ಭಾಷಣ ಕೇಳಿ ಬೆಳೆದವರು ನಾವು. ಆದರೂ ನಂಬಿದ್ದೆ, ತಪ್ಪು ನನ್ನದೇ.

ಭದ್ರತಾ ಅಪ್‌ಡೇಟ್‌ಗಳನ್ನು ಇನ್ನೊಂದು ವರ್ಷ ಎಳೆದುಕೊಂಡು ಹೋಗುವ ದಾರಿ ಇತ್ತು. 2026ರ ಅಕ್ಟೋಬರ್‌ವರೆಗೆ. ಅಡವಿಟ್ಟ ಚಿನ್ನ ಬಿಡಿಸದೆ ಬಡ್ಡಿ ಮಾತ್ರ ಕಟ್ಟಿ ಮುಂದಕ್ಕೆ ಹಾಕುವ ಲೆಕ್ಕ ಅದು. ಐದು ಯಂತ್ರಗಳಿಗೆ ಬೇಡವೆಂದು ನಿರ್ಧರಿಸಿದೆ. ಒಂದಕ್ಕೆ ಮಾತ್ರ ಬಡ್ಡಿ ಕಟ್ಟಿದೆ, ಏಕೆಂದು ಮುಂದೆ ಹೇಳುತ್ತೇನೆ.

ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕುತ್ತೇನೆ ಎಂದ ಕೂಡಲೇ ನಮ್ಮ ಭಾವ ನಕ್ಕರು. ಅವರ ನಗುವಿಗೆ ಕಾರಣವಿತ್ತು. 2020ರ ಜನವರಿಯಲ್ಲಿ ವಿಂಡೋಸ್ 7 ನಿಂತಾಗ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೆ. ಹುರುಪಿನಲ್ಲಿ ಎರಡು ಯಂತ್ರಗಳಿಗೆ ಲಿನಕ್ಸ್ ಹಾಕಿ, ಅಂಗಡಿಗೆ ಬಂದವರಿಗೆಲ್ಲ ಭಾಷಣ ಬಿಗಿದೆ. ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಟೈಪ್ ಮಾಡುವ ಅಕ್ಕ ಒಬ್ಬರಿದ್ದಾರೆ. ಅವರು ಬೆಳಗ್ಗೆ ಬಂದು ಕೀಲಿಮಣೆ ಮುಟ್ಟಿದರು, ಒತ್ತಿದ್ದಕ್ಕೂ ಮೂಡಿದ್ದಕ್ಕೂ ಸಂಬಂಧವಿರಲಿಲ್ಲ. "ಇದು ಸರಿಹೋದ ಮೇಲೆ ಫೋನ್ ಮಾಡಿ" ಎಂದು ಚೀಲ ತಗುಲಿಸಿಕೊಂಡು ಹೊರಟೇಬಿಟ್ಟರು. ಆಗ ಮದುವೆಯ ಋತು ಬೇರೆ. ಮೂರು ದಿನದ ದುಡಿಮೆ, ಆರೇಳು ಸಾವಿರ, ಹೋಯಿತು. ನಾಲ್ಕನೇ ದಿನ ಯಾರದೋ ಪೆನ್‌ಡ್ರೈವ್‌ನಿಂದ ವಿಂಡೋಸ್ 10 ಹಾಕಿ, ಬಲಮೂಲೆಯಲ್ಲಿ "ಆಕ್ಟಿವೇಟ್ ಮಾಡಿ" ಎಂಬ ಮಸುಕು ಬರಹವನ್ನು ಲಕ್ಷ್ಮಿಯ ಫೋಟೋದಷ್ಟೇ ಖಾಯಂ ಮಾಡಿಕೊಂಡೆ. ಇದನ್ನು ಓದುತ್ತಿರುವ ನೀವೂ ಏನು ಸಾಚಾ ಅಲ್ಲ ಬಿಡಿ.

ಈ ಸಲ ಮೊದಲು ಅಡ್ಡದಾರಿಯನ್ನೇ ನೋಡಿದೆ. ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕುವ ಉಪಾಯ ಎಲ್ಲರಿಗೂ ಗೊತ್ತು. ಒಂದು ಯಂತ್ರಕ್ಕೆ ಹಾಕಿದೆ, ಕೂತಿತು. ಆದರೆ ಹೀಗೆ ಹಿಂಬಾಗಿಲಿನಿಂದ ಬಂದ ಯಂತ್ರಗಳಿಗೆ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಪ್ರತಿಸಲ ನಾವೇ ಮತ್ತೆ ಕದ್ದು ಹಾಕಬೇಕು. ಆರು ಯಂತ್ರಕ್ಕೆ ವರ್ಷವರ್ಷವೂ ಅದೇ ತಿಥಿ ಮಾಡುವ ತಾಳ್ಮೆ ನನಗಿಲ್ಲ.

ಆಮೇಲೆ ಒಂದು ಭಾನುವಾರ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಅರ್ಧ ಅಂಗಡಿ ಮುಚ್ಚಿತ್ತು, ಬುದ್ಧಿ ಇರುವವರು ಶನಿವಾರ ಹೋಗುತ್ತಾರೆ. ಹಳೆಯ ಹಾರ್ಡ್‌ಡಿಸ್ಕ್ ಜಾಗಕ್ಕೆ ಅದಕ್ಕಿಂತ ವೇಗದ 256 ಜಿ.ಬಿ.ಯ ಎಸ್.ಎಸ್.ಡಿ. ಆರು, ತಲಾ 1,500ರ ಆಸುಪಾಸು. ಹಳೆಯ ಡಿ.ಡಿ.ಆರ್.3 ರ‍್ಯಾಮ್, 4 ಜಿ.ಬಿ.ಯವು ಹತ್ತು, ಚೌಕಾಸಿ ಮಾಡಿ ತಲಾ 450. ಬಿಲ್ ಇಲ್ಲದೆ 1,300ಕ್ಕೆ ಸಿಕ್ಕಿತೆಂದು ಏಳನೆಯದಾಗಿ ಕೊಂಡ ಒಂದು ಎಸ್.ಎಸ್.ಡಿ. ಹನ್ನೊಂದನೇ ದಿನ ಸತ್ತುಹೋಯಿತು. ಅದನ್ನು ಈಗಲೂ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ನನಗೇ ಬುದ್ಧಿವಾದ ಹೇಳಲು. ಸೆಕೆಂಡ್‌ಹ್ಯಾಂಡ್ ಪ್ರಿಂಟರ್ ಒಂದು, 4,500. ಒಟ್ಟು ಇಪ್ಪತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಎರಡೂಕಾಲು ಲಕ್ಷವನ್ನು ನೆನಪಿಟ್ಟುಕೊಳ್ಳಿ.

ಹಾಕಿದ್ದು ಲಿನಕ್ಸ್‌ನದೇ ಒಂದು ರೂಪವಾದ ಲಿನಕ್ಸ್ ಮಿಂಟ್ 22, ಅದರಲ್ಲೂ ಹಗುರವಾದ ಎಕ್ಸ್.ಎಫ್.ಸಿ.ಇ. ಆವೃತ್ತಿ. 2029ರವರೆಗೆ ಅದಕ್ಕೆ ಬೆಂಬಲವಿದೆ. ಹಾಕುವ ವಿಧಾನವನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಹೇಳಬೇಕಾದದ್ದು ಆ ಅಕ್ಕನನ್ನು ಗೆದ್ದ ಬಗೆ.

ನಾನು ಅಂಗಡಿಯಲ್ಲಿ "ಲಿನಕ್ಸ್" ಎಂಬ ಪದವನ್ನೇ ಎತ್ತಲಿಲ್ಲ. ರಾತ್ರಿ ಹತ್ತರವರೆಗೆ ಕೂತು ಅವರ ಯಂತ್ರ ಬದಲಿಸಿದೆ. ಅದೇ ವಾಲ್‌ಪೇಪರ್, ಅದೇ ಜಾಗದಲ್ಲಿ ಅದೇ ಫೋಲ್ಡರ್‌ಗಳು, ಕೆಳಗೆ ಎಡಕ್ಕೆ ಅದೇ ಗುಂಡಿ. ಕೀಲಿಮಣೆಗೆ ಕೆ.ಪಿ. ರಾವ್ ಅವರು ರೂಪಿಸಿದ ಕಗಪ ವಿನ್ಯಾಸ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಬೇಕಾದದ್ದು ಅದೇ. ಮಿಂಟ್‌ನಲ್ಲಿ ಕಗಪ ಎಂಬ ಹೆಸರು ಎರಡು ಕಡೆ ಸಿಗುತ್ತದೆ. ನಮ್ಮ ಅಕ್ಕನ ಬೆರಳು ಒಪ್ಪಿದ್ದು ಐಬಸ್ ಎಂಬ ಟೈಪಿಂಗ್ ಸೌಲಭ್ಯದ ಮೂಲಕ, ಎಂ17ಎನ್ ಎಂಬ ಕೀಲಿಮಣೆಗಳ ಸಂಗ್ರಹದಿಂದ ಬರುವುದನ್ನು. 2020ರಲ್ಲಿ ನಾನು ಎಡವಿದ್ದು ಇಷ್ಟರಲ್ಲೇ. ಬೆಳಗ್ಗೆ ಅವರು ಬಂದರು, ಕೂತರು, ಹಣೆ ಗಂಟಿಕ್ಕಿದರು.

"ಏನಿದು ಬೇರೆ ಥರ ಕಾಣುತ್ತಿದೆ?"

"ಹೊಸ ಅಪ್‌ಡೇಟ್ ಬಂದಿದೆ ಅಕ್ಕ."

"ಇವರದು ಇದೇ ಗೋಳು" ಎಂದು ಬೈದು ಕೆಲಸ ಶುರು ಮಾಡಿದರು. ಅಷ್ಟೇ. ಐದು ವರ್ಷ ನಾನು ಮುಕ್ತ ತಂತ್ರಾಂಶದ ಗುಣಗಾನ ಮಾಡಿ ಸಾಧಿಸಲಾಗದ್ದನ್ನು ಆ ಒಂದು ಪದ ಸಾಧಿಸಿತು. ಹೇಳದೆ ಕೇಳದೆ ಗುಂಡಿಯನ್ನು ನಡುವಿಗೆ ಸರಿಸುವುದು, ಮೂಲೆಯಲ್ಲಿ ಹವಾಮಾನ ತೋರಿಸುವುದು, ಕೀಲಿಮಣೆಗೆ ತಮ್ಮ ಎ.ಐ. ಸಹಾಯಕ ಕೋಪೈಲಟ್‌ನ ಹೊಸ ಕೀಲಿ ಅಂಟಿಸುವುದು, ಇದನ್ನೆಲ್ಲ ಮಾಡಿ ಮಾಡಿ ಅಪ್‌ಡೇಟ್ ಎಂದರೆ ಜನ ಏನನ್ನಾದರೂ ಸಹಿಸುವ ಹಾಗೆ ಪಳಗಿಸಿಟ್ಟವರು ಮೈಕ್ರೋಸಾಫ್ಟ್‌ನವರೇ. ಅವರು ಉತ್ತ ಹೊಲದಲ್ಲಿ ನಾನು ಬಿತ್ತಿದೆ. ಪ್ರತಿ ಜನವರಿಯಲ್ಲೂ "ಈ ವರ್ಷ ಲಿನಕ್ಸ್ ಡೆಸ್ಕ್‌ಟಾಪ್‌ನ ವರ್ಷ" ಎಂದು ಯಾರಾದರೂ ಬರೆಯುತ್ತಾರೆ, ಯುಗಾದಿ ಪಂಚಾಂಗದಲ್ಲಿ "ಈ ಸಂವತ್ಸರ ಉತ್ತಮ ಮಳೆ" ಎಂದು ಓದಿದ ಹಾಗೆ. ಅವರಿಗೆ ನನ್ನದೊಂದು ಸಲಹೆ: ಹೆಸರು ಹೇಳದೆ ತಂದರೆ ವರ್ಷವೂ ಬರುತ್ತದೆ, ಮಳೆಯೂ ಬರುತ್ತದೆ.

ಇನ್ನು ಪೇಜ್‌ಮೇಕರ್, ಪುಟ ವಿನ್ಯಾಸದ ಹಳೆಯ ತಂತ್ರಾಂಶ. 2001ರ ಏಳನೇ ಆವೃತ್ತಿಯೇ ಕೊನೆಯದು, ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಯೂನಿಕೋಡ್ ಎಂಬ ಅಕ್ಷರ ಸಂಕೇತ ಅದಕ್ಕೆ ತಿಳಿಯದು, ಆದರೂ ನಮ್ಮ ಊರಿನ ಲಗ್ನಪತ್ರಿಕೆಗಳ ಅರ್ಧ ಜೀವ ಅದರಲ್ಲೇ ಇದೆ. ವಿಂಡೋಸ್‌ನ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್‌ನಲ್ಲಿ ಹಾಕಿ ನೋಡಿದೆ. ತೆರೆಯಿತು, ಅಕ್ಷರವೂ ಮೂಡಿತು, ಪ್ರಿಂಟ್ ಕೊಟ್ಟರೆ ಬಿಳೀ ಹಾಳೆ. ಒಂದು ವಾರ ಹೆಣಗಿ ಕೈಬಿಟ್ಟೆ. ಕೊನೆಗೆ ಕಂಪ್ಯೂಟರ್‌ನೊಳಗೇ ಇನ್ನೊಂದು ಕಂಪ್ಯೂಟರ್ ಇದ್ದಂತೆ ಮಾಡುವ ವರ್ಚುಯಲ್‌ಬಾಕ್ಸ್‌ನೊಳಗೆ ವಿಂಡೋಸ್ ಎಕ್ಸ್‌ಪಿ ಕೂರಿಸಿದೆ. ಅದಕ್ಕೆ ಮೈಕ್ರೋಸಾಫ್ಟ್ ಎಳ್ಳುನೀರು ಬಿಟ್ಟದ್ದು 2014ರಲ್ಲಿ. ನೆಟ್ ಕೊಡಲಿಲ್ಲ. ಅರ್ಧ ಜಿ.ಬಿ. ರ‍್ಯಾಮ್ ಕೊಟ್ಟರೆ ಮೂಲೆಯಲ್ಲಿ ಕೂತ ಅಜ್ಜನಂತೆ ಯಾರ ತಂಟೆಗೂ ಬರದೆ ಕೆಲಸ ಮಾಡುತ್ತದೆ. ಪಿ.ಡಿ.ಎಫ್. ಮಾಡಿ ಹಂಚಿಕೆಯ ಫೋಲ್ಡರ್‌ಗೆ ಹಾಕುತ್ತದೆ, ಪ್ರಿಂಟ್ ತೆಗೆಯುವುದು ಮಿಂಟ್. ಬಣ್ಣದ ಅಂಚು ಕದಲದಂತೆ ಪಿ.ಡಿ.ಎಫ್. ಮಾಡಲು ಒಂದು ಸೆಟ್ಟಿಂಗ್ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರಿನ ಅಂಗಡಿಯವರೂ ಓದುತ್ತಾರೆ.

ಹಳೆಯ ವರ್ಡ್ ಕಡತಗಳದು ಬೇರೆಯೇ ರಗಳೆ. ಯೂನಿಕೋಡ್‌ಗೆ ಮೊದಲಿನ ಸಂಕೇತದ, ನುಡಿಯ ಹಳೆಯ ಆಸ್ಕಿ ಫಾಂಟ್‌ಗಳನ್ನು ನಕಲು ಮಾಡಿಟ್ಟರೆ ವರ್ಡ್‌ಗೆ ಬದಲಾದ ಉಚಿತ ಲಿಬ್ರೆಆಫೀಸ್ ಅವನ್ನು ಚೆನ್ನಾಗಿಯೇ ತೋರಿಸುತ್ತದೆ. ಆದರೆ ಸಾಲು ಒಂದೆರಡು ಕೆಳಕ್ಕೆ ಜಾರುತ್ತದೆ. ಒಂದು ಕ್ರಯಪತ್ರದಲ್ಲಿ ಸಾಕ್ಷಿಗಳ ಸಹಿಯ ಜಾಗ ಹಾಗೆಯೇ ಹೊಸ ಪುಟಕ್ಕೆ ಹಾರಿ ಕೂತಿತು. ನಾನು ನೋಡಲಿಲ್ಲ, ಪತ್ರ ಬರಹಗಾರರು ನೋಡಿದರು, ನೋಂದಣಿಯ ದಿನವೇ ನೋಡಿದರು. ಛಾಪಾ ಕಾಗದವೂ ಸೇರಿ ಎಂಟುನೂರು ನನ್ನ ಕೈಯಿಂದ ಹೋಯಿತು, ಬೈಗುಳ ಬೇರೆ. ಅಂದಿನಿಂದ ಕರಡೆಲ್ಲ ಯೂನಿಕೋಡ್‌ನಲ್ಲೇ.

ಹಳೆಯದನ್ನು ಯೂನಿಕೋಡ್‌ಗೆ ತರುವಾಗ ಅರ್ಕಾವತ್ತು ಪ್ರಾಣ ತಿನ್ನುತ್ತದೆ. ಆಸ್ಕಿಯಲ್ಲಿ "ಸೂರ್ಯ" ಬರೆದರೆ ಯ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡ್‌ನಲ್ಲಿ ರ್ ಮೊದಲು, ಯ ಆಮೇಲೆ. ಒತ್ತಕ್ಷರವೂ ಗುಣಿತವೂ ಸೇರಿದ ಕಡೆ ಪರಿವರ್ತಕ ತಪ್ಪಿದರೆ ಅಕ್ಷರಗಳು ಜಾತ್ರೆಯಲ್ಲಿ ಕೈಬಿಟ್ಟ ಮಕ್ಕಳಂತೆ ಅಡ್ಡಾದಿಡ್ಡಿ ನಿಲ್ಲುತ್ತವೆ. ಲಗ್ನಪತ್ರಿಕೆಯಲ್ಲಿ ಅಜ್ಜನ ಹೆಸರು ಕೆಟ್ಟರೆ ಬೀಗರ ಮುಂದೆ ನಿಲ್ಲಬೇಕಾದವರು ನಾವು. ಕನ್ನಡದವರೇ ಬರೆದು ಉಚಿತವಾಗಿ ಕೊಟ್ಟ ಪರಿವರ್ತಕಗಳು ನೂರಕ್ಕೆ ತೊಂಬತ್ತೈದು ಪಾಲು ಸರಿಯಾಗಿ ಮಾಡುತ್ತವೆ. ಉಳಿದ ಐದಕ್ಕೆ ನಾನೇ ಸುಮಾರು ಎಪ್ಪತ್ತು ಹುಡುಕು-ಬದಲಿಸು ನಿಯಮಗಳ ಪಟ್ಟಿ ಮಾಡಿಕೊಂಡಿದ್ದೇನೆ. ಪಟ್ಟಿಗಿಂತ ಅವುಗಳ ಸರದಿ ಮುಖ್ಯ. ಆ ಸರದಿ ನನ್ನ ಹೊಟ್ಟೆಪಾಡು.

ಫಾಂಟ್ ಹುಡುಕುವಾಗ ಒಂದು ಸಂತೋಷವೂ ಸಿಕ್ಕಿತು. ಮಿಂಟ್‌ನ ಭಂಡಾರದಲ್ಲಿ ಕನ್ನಡದ ಎರಡು ಮುಕ್ತ ಫಾಂಟ್‌ಗಳಿವೆ, ಒಂದು ನವಿಲು, ಇನ್ನೊಂದು ಗುಬ್ಬಿ. ಹಕ್ಕಿಯ ಹೆಸರಿಟ್ಟಿದ್ದಾರೆ, ಗೊತ್ತು. ಆದರೂ ನಮ್ಮ ಅಂಗಡಿಯಲ್ಲಿ ಗುಬ್ಬಿ ಎಂದರೆ ನಮ್ಮ ಪಕ್ಕದ ತಾಲ್ಲೂಕಿನ ಫಾಂಟ್. ತಿಪಟೂರಿನ ಗಿರಾಕಿಯೊಬ್ಬರು ತಮ್ಮ ಊರಿನದು ಏಕಿಲ್ಲ ಎಂದು ಕೇಳಿದ್ದಾರೆ.

ಆರನೇ ಯಂತ್ರಕ್ಕೆ ಬರುತ್ತೇನೆ. ಬೆರಳ ಗುರುತು ಓದುವ ಸಾಧನ ಮತ್ತು ಡಿಜಿಟಲ್ ಸಹಿಯ ಟೋಕನ್ ಎರಡೂ ನನ್ನ ಕೈಯಲ್ಲಿ ಲಿನಕ್ಸ್‌ಗೆ ಬಗ್ಗಲಿಲ್ಲ. ಹದಿನೈದು ದಿನ ಗುದ್ದಾಡಿದೆ, ಸೋತೆ. ಹಾಗಾಗಿ ಅದರಲ್ಲಿ ವಿಂಡೋಸ್ 10 ಮತ್ತು ಮಿಂಟ್ ಎರಡೂ ಇವೆ, ಬಡ್ಡಿ ಕಟ್ಟಿದ್ದು ಅದಕ್ಕೇ. ಒಂದೇ ಮನೆಯಲ್ಲಿ ಎರಡು ಒಲೆ ಇಟ್ಟ ಮೇಲೆ ಜಗಳ ಬರಲೇಬೇಕು. ಯಂತ್ರದ ಗಡಿಯಾರವನ್ನು ಮಿಂಟ್ ಗ್ರೀನ್‌ವಿಚ್ ಲೆಕ್ಕದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದಿಕೊಳ್ಳುತ್ತದೆ. ಐದೂವರೆ ಗಂಟೆಯ ಹಿಂಬಾಕಿ. ಹನ್ನೊಂದು ಗಂಟೆಗೆ ಕೊಟ್ಟ ರಸೀದಿಯ ಮೇಲೆ ಬೆಳಗಿನ ಐದೂವರೆ ಎಂದು ಬಿತ್ತು. "ಏನು ಸ್ವಾಮಿ, ಬ್ರಾಹ್ಮೀ ಮುಹೂರ್ತದಲ್ಲಿ ಜೆರಾಕ್ಸ್ ತೆಗೆಯುತ್ತೀರಾ?" ಎಂದು ನಿವೃತ್ತ ಮೇಷ್ಟರೊಬ್ಬರು ಕೇಳಿದರು. ಒಂದು ಸಾಲಿನ ಆದೇಶದಿಂದ ಸರಿಹೋಗುವ ಕಾಯಿಲೆ, ನನಗೆ ಗೊತ್ತಾಗಲು ನಾಲ್ಕು ದಿನ ಬೇಕಾಯಿತು. ಇನ್ನೊಂದರಲ್ಲಿ ಮದರ್‌ಬೋರ್ಡ್‌ನ ಗುಂಡಿ ಬ್ಯಾಟರಿ ಸತ್ತು ದಿನಾಂಕವೇ ಹತ್ತು ವರ್ಷ ಹಿಂದಕ್ಕೆ ಹೋಗಿ, ಒಂದು ವೆಬ್‌ಸೈಟೂ ತೆರೆಯದೆ, ನಮ್ಮ ಹುಡುಗ ನೆಟ್‌ನವರಿಗೆ ಮೂರು ಸಲ ಫೋನ್ ಮಾಡಿ ಜಗಳವಾಡಿದ್ದ. ನಲವತ್ತು ರೂಪಾಯಿಯ ಬ್ಯಾಟರಿ.

ನಡುವೆ ಒಂದು ಚಪಲ. ಸುದ್ದಿಯಲ್ಲೆಲ್ಲ ಎ.ಐ. ಕಂಪ್ಯೂಟರ್, ಎ.ಐ. ಕಂಪ್ಯೂಟರ್ ಎಂದು ಬೊಬ್ಬೆ ಹಾಕುತ್ತಿದ್ದಾರಲ್ಲ, ನನ್ನ ಐ3 ಏನು ಕಡಿಮೆ ಎಂದು ಕೇಳಿದ್ದಕ್ಕೆ ಉತ್ತರ ಬರೆಯುವ ಚಿಕ್ಕದೊಂದು ಎ.ಐ. ಭಾಷಾ ಮಾದರಿಯನ್ನು ಇಳಿಸಿಕೊಂಡೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮಾಡುವುದು ಹೇಗೆಂದು ಕನ್ನಡದಲ್ಲಿ ಕೇಳಿದೆ. ಇಂಗ್ಲಿಷಿನಲ್ಲಿ ಸೆಕೆಂಡಿಗೆ ಒಂದೆರಡು ಪದ ಬರುತ್ತಿದ್ದ ಕಡೆ ಕನ್ನಡ ಅಕ್ಷರ ಅಕ್ಷರವಾಗಿ ತೊಟ್ಟಿಕ್ಕಿತು. ಫ್ಯಾನ್ ಮೊರೆಯುತ್ತಿತ್ತು. ನಾನು ಹೋಗಿ ಇಡ್ಲಿ ತಿಂದು ಬಂದೆ. ಬರುವಷ್ಟರಲ್ಲಿ ಅದು ತಟ್ಟೆಯನ್ನು ಹಿಟ್ಟಿಗೆ ಹಾಕಿ ಕಲಸಲು ಹೇಳಿತ್ತು.

ನಕ್ಕ ಭಾವನಿಗೆ 2024ರ ಜುಲೈ 19ನ್ನು ಆಗಾಗ ನೆನಪಿಸುತ್ತೇನೆ. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ನನ್ನ ಅಂಗಡಿ ಮಾತ್ರ ನಡೆಯುತ್ತಿತ್ತು. ಅಂಥ ದುಬಾರಿ ಭದ್ರತೆ ಕೊಳ್ಳುವ ಯೋಗ್ಯತೆ ನಮಗಿರಲಿಲ್ಲ ಎಂಬುದು ಬೇರೆ ಮಾತು.

ಈಗ ಏಳೆಂಟು ತಿಂಗಳಾಯಿತು. ಗಿರಾಕಿಗಳ ಪೆನ್‌ಡ್ರೈವ್‌ನಿಂದ ಬರುತ್ತಿದ್ದ ಶಾರ್ಟ್‌ಕಟ್ ವೈರಸ್ ಕಾಟ ಐದು ಯಂತ್ರಗಳಲ್ಲಿ ಪೂರ್ತಿ ನಿಂತಿದೆ. ಬೆಳಗ್ಗೆ ಸ್ವಿಚ್ ಹಾಕಿ ಊದಿನಕಡ್ಡಿ ಹಚ್ಚುವಷ್ಟರಲ್ಲಿ ಪರದೆ ಸಿದ್ಧವಾಗಿರುತ್ತದೆ, ಮೊದಲು ಮಂಗಳಾರತಿ ಮುಗಿದರೂ ಆಗುತ್ತಿರಲಿಲ್ಲ. ಅಕ್ಕನಿಗೆ ಇನ್ನೂ ನಾನು ನಿಜ ಹೇಳಿಲ್ಲ. ಎದುರಿನ ಅಂಗಡಿಯವರು ತಮ್ಮ ಮೂರು ಯಂತ್ರಗಳನ್ನು ತಂದಿಟ್ಟಿದ್ದಾರೆ, ತಲಾ ಎಂಟುನೂರು ಕೂಲಿ.

2025ರ ಕೊನೆಗೆ ಎ.ಐ. ಕೇಂದ್ರಗಳ ಹಸಿವಿನಿಂದ ರ‍್ಯಾಮ್ ಬೆಲೆ ಏರತೊಡಗಿತಲ್ಲ, ರ‍್ಯಾಮ್ ತಯಾರಿಸುವ ಮೈಕ್ರಾನ್‌ನವರು ಕ್ರೂಶಿಯಲ್ ಎಂಬ ತಮ್ಮ ಬ್ರ್ಯಾಂಡ್ ಹೆಸರನ್ನೇ ಗ್ರಾಹಕರ ಮಾರುಕಟ್ಟೆಯಿಂದ ಎತ್ತುತ್ತೇವೆ ಎಂದು ಡಿಸೆಂಬರ್‌ನಲ್ಲಿ ಸಾರಿದರು. ಅದಾದ ಕೆಲವು ವಾರಕ್ಕೆ ಗುಜರಿ ಸಲಹೆ ಕೊಟ್ಟ ಮನುಷ್ಯ ಫೋನ್ ಮಾಡಿದರು. "ಅಣ್ಣಾ, ನಿಮ್ಮ ಹತ್ತಿರ ಹಳೆಯ ಡಿ.ಡಿ.ಆರ್.3 ಏನಾದರೂ ಉಳಿದಿದೆಯೇ? ಒಬ್ಬರಿಗೆ ಅರ್ಜೆಂಟಾಗಿ ಬೇಕು."

ಎರಡು ಉಳಿದಿದ್ದವು. ತಲಾ ಒಂಬೈನೂರು ಹೇಳಿದೆ. ಜಾಸ್ತಿಯಾಯಿತು ಎಂದರು. ಕೆ.ಜಿ. ಲೆಕ್ಕದಲ್ಲಿ ಕೊಡುವುದಿಲ್ಲ ಎಂದೆ.