ಗೋವಿನಜೋಳದ ದಂಟನ್ನು ಮಣ್ಣಿಗೆ ಸೇರಿಸುವಾಗ ಸಾರಜನಕದ ಲೆಕ್ಕ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನಲ್ಲಿ ಗೋವಿನಜೋಳದ ದಂಟಿಗೆ ಬೆಂಕಿ ಹಚ್ಚುವುದನ್ನು ಬಿಟ್ಟು ಅದನ್ನು ಮಣ್ಣಿಗೆ ಸೇರಿಸಿದವರಲ್ಲಿ ಕೆಲವರು, ಮುಂದಿನ ಬೆಳೆ ಮೊಣಕಾಲೆತ್ತರ ಬರುವಷ್ಟರಲ್ಲಿ ಹಳದಿಯಾದುದನ್ನು ಕಂಡು ಬೇಸತ್ತು, ಮರುವರ್ಷ ಮತ್ತೆ ಕಡ್ಡಿ ಗೀರುತ್ತಾರೆ. ಹೂಳುವ ಸಮಯವನ್ನೂ ಸಾರಜನಕದ ಲೆಕ್ಕವನ್ನೂ ನೋಡದೆ ದಂಟು ಹೂತರೆ ಬೆಳೆ ಹಳದಿಯಾಗುವುದು ಸಹಜ. ಸುಟ್ಟರೆ ದಂಟಿನ ಸಾರಜನಕದ ಬಹುಪಾಲು ಗಾಳಿಗೆ ಹೋಗಿ ಬೂದಿಯಲ್ಲಿ ಪೊಟ್ಯಾಷ್‌ನಂಥ ಕೆಲವು ಪೋಷಕಾಂಶಗಳಷ್ಟೇ ಉಳಿಯುವುದರಿಂದ, ಆ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಮೊದಲು ದಂಟನ್ನು ಗೇಣಿಗಿಂತ ಚಿಕ್ಕದಾಗಿ ಕತ್ತರಿಸಿ ಹೊಲದ ತುಂಬ ಸಮನಾಗಿ ಹರಡಬೇಕು. ದನಗಳಿಗೆ ಬೇಕಾದುದನ್ನು ಅದಕ್ಕೂ ಮುಂಚೆ ಎತ್ತಿಟ್ಟುಕೊಳ್ಳಿ.

ಎಲ್ಲರೂ ಎಡವುವುದು ಎರಡನೆಯ ಹಂತದಲ್ಲಿ, ಅಂದರೆ ಸಾರಜನಕ ಸೇರಿಸುವಲ್ಲಿ. ದಂಟನ್ನು ಕೊಳೆಸುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ತಾವು ತಿಂದ ಇಂಗಾಲದಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಉಸಿರಾಟದಲ್ಲಿ ಹೊರಬಿಡುತ್ತವೆ. ಉಳಿದ ಪಾಲಿನಿಂದ ಮೈ ಕಟ್ಟಿಕೊಳ್ಳುವಾಗ ಅವುಗಳಿಗೆ ಪ್ರತಿ ಎಂಟು ಭಾಗ ಇಂಗಾಲಕ್ಕೆ ಒಂದು ಭಾಗ ಸಾರಜನಕ ಬೇಕಾಗುತ್ತದೆ. ಆದ್ದರಿಂದ ಅವುಗಳ ಆಹಾರದಲ್ಲಿ ಇಂಗಾಲ ಮತ್ತು ಸಾರಜನಕದ ಪ್ರಮಾಣ ಹೆಚ್ಚುಕಡಿಮೆ 24ಕ್ಕೆ 1 ಇದ್ದರೆ ಸರಿಹೋಗುತ್ತದೆ. ಒಣಗಿದ ಗೋವಿನಜೋಳದ ದಂಟಿನಲ್ಲಿ ಅದು ಸುಮಾರು 60ಕ್ಕೆ 1. ಈ ಕೊರತೆಯನ್ನು ಅವು ಮಣ್ಣಿನಲ್ಲಿರುವ ಅಮೋನಿಯಂ ಮತ್ತು ನೈಟ್ರೇಟ್ ಹೀರಿಕೊಂಡು ತುಂಬಿಸಿಕೊಳ್ಳುತ್ತವೆ, ಪೈರಿನ ಎಳೆಬೇರಿಗೆ ಅಷ್ಟು ಕಡಿಮೆ ಸಿಗುತ್ತದೆ. ಈ ಸಾರಜನಕ ಕಳೆದುಹೋಗುವುದಿಲ್ಲ. ದಂಟು ಕರಗಿ ಸೂಕ್ಷ್ಮಜೀವಿಗಳು ಸತ್ತಂತೆ ಮಣ್ಣಿಗೆ ಮರಳುತ್ತದೆ. ಆದರೆ ಆ ಹೊತ್ತಿಗೆ ಪೈರಿನ ಬೆಳವಣಿಗೆಯ ಮುಖ್ಯ ವಾರಗಳು ಮುಗಿದಿರಬಹುದು.

ಲೆಕ್ಕ ಕಷ್ಟದ್ದಲ್ಲ. ಒಂದು ಕ್ವಿಂಟಲ್ ಒಣ ದಂಟಿನ ಕೊರತೆ ನೀಗಲು ಸುಮಾರು ಒಂದು ಕಿಲೋ ಸಾರಜನಕ, ಅಂದರೆ ಎರಡು ಕಿಲೋಗಿಂತ ತುಸು ಹೆಚ್ಚು ಯೂರಿಯಾ ಸಾಕು, ಏಕೆಂದರೆ ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕವಿದೆ. ಗೋವಿನಜೋಳದಲ್ಲಿ ಕಾಳಿನ ತೂಕದಷ್ಟೇ ದಂಟು ಬರುತ್ತದೆಂದು ಅಂದಾಜು ಹಿಡಿದರೆ, ಎಕರೆಗೆ 20 ಕ್ವಿಂಟಲ್ ಕಾಳು ಬಂದ ಹೊಲದ ಪೂರ್ತಿ ದಂಟಿಗೆ 45 ಕಿಲೋ ತೂಗುವ ಒಂದು ಚೀಲ ಯೂರಿಯಾ ಆಗುತ್ತದೆ. ಅರ್ಧ ದಂಟು ದನಕ್ಕೆ ಹೋಗಿದ್ದರೆ ಅರ್ಧ ಚೀಲ. ಇದು ಮೇಲ್ಮಿತಿ. ಪ್ರತಿವರ್ಷ ತಿಪ್ಪೆಗೊಬ್ಬರ ಕಾಣುವ ಹೊಲಕ್ಕೆ ಇದಕ್ಕಿಂತ ಕಡಿಮೆ ಸಾಕು. ಕೋಳಿಗೊಬ್ಬರ ಸಿಕ್ಕರೆ ನಾನು ಅದನ್ನೇ ಮೇಲೆಂದು ಹೇಳುತ್ತೇನೆ. ದಂಟನ್ನು ವಾರದಲ್ಲಿ ಗೊಬ್ಬರ ಮಾಡುತ್ತೇವೆಂದು ಅಂಗಡಿಗಳಲ್ಲಿ ಮಾರುವ ಬಾಟಲಿಗಳನ್ನು ನಂಬಿ ಈ ಲೆಕ್ಕ ಬಿಡಬೇಡಿ. ಅದರಲ್ಲಿ ಸೂಕ್ಷ್ಮಜೀವಿಗಳು ಇರಬಹುದು, ಅವುಗಳಿಗೆ ಬೇಕಾದ ಸಾರಜನಕ ಇರುವುದಿಲ್ಲ.

ಯೂರಿಯಾವನ್ನು ದಂಟಿನ ಮೇಲೆ ಎರಚಿ ಹಾಗೇ ಬಿಟ್ಟರೆ, ಅದರಲ್ಲೂ ಕ್ಷಾರ ಗುಣದ ಎರೆ ಹೊಲದಲ್ಲಿ, ಅದು ಅಮೋನಿಯಾ ಆಗಿ ಹಾರಿಹೋಗುತ್ತದೆ. ಎರಚಿದ ದಿನವೇ ರಂಟೆ ಹೊಡೆದು ಮಣ್ಣು ಮುಚ್ಚಬೇಕು. ಹದ ನೋಡುವುದನ್ನು ಮರೆಯಬಾರದು: ಹಿಡಿಮಣ್ಣು ಹಿಸುಕಿದಾಗ ಉಂಡೆಯಾಗಿ, ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು. ಕೈಗೆ ಮೆತ್ತುವಷ್ಟು ಹಸಿಯಿದ್ದಾಗ ರೋಟಾವೇಟರ್ ಹೊಡೆದರೆ ದಂಟು ಗಾಳಿಯಾಡದ ಹೆಂಟೆಗಳೊಳಗೆ ಸಿಕ್ಕಿಕೊಳ್ಳುತ್ತದೆ.

ಸಮಯದ ವಿಷಯದಲ್ಲಿ ಒಂದೇ ಮಾತು, ಒಣ ಮಣ್ಣಿನಲ್ಲಿ ಏನೂ ಕೊಳೆಯುವುದಿಲ್ಲ. ನವೆಂಬರಿನಲ್ಲಿ ಹೂತ ದಂಟು ತೇವ ಆರಿದ ಮೇಲೆ ಬೇಸಿಗೆಯಿಡೀ ಹಾಗೇ ಬಿದ್ದಿದ್ದು, ಭರಣಿ, ಕೃತ್ತಿಕೆ ಮಳೆ ಬಿದ್ದಾಗಲೇ ಮತ್ತೆ ಕರಗತೊಡಗುತ್ತದೆ. ಆದ್ದರಿಂದ ಕೊಯ್ಲಿನ ಬೆನ್ನಿಗೇ, ನೆಲದಲ್ಲಿ ತೇವವಿರುವಾಗ ಹೂಳುವುದು ಲೇಸು; ತಪ್ಪಿದರೆ ಮುಂಗಾರುಪೂರ್ವ ಮಳೆಗೆ ಹೂತು, ಬಿತ್ತನೆಗೆ ನಾಲ್ಕರಿಂದ ಆರು ವಾರ ಅಂತರ ಕೊಡಬೇಕು. ಮಿರಗದ ಮಳೆಗೆ ಬಿತ್ತುವವರು ಜೂನ್ ಮೊದಲ ವಾರದಲ್ಲಿ ದಂಟು ಹೂಳುವುದಕ್ಕಿಂತ, ಅದನ್ನು ಸಾಲುಗಳ ನಡುವೆ ಮೇಲ್ಮುಚ್ಚಿಗೆಯಾಗಿ ಬಿಡುವುದೇ ವಾಸಿ. ಮಣ್ಣಿಗೆ ತಾಗಿದ ಭಾಗ ಮಾತ್ರ ನಿಧಾನವಾಗಿ ಕೊಳೆಯುವುದರಿಂದ ಸೂಕ್ಷ್ಮಜೀವಿಗಳು ಸಾರಜನಕ ಕಸಿಯುವುದೂ ಕಡಿಮೆ, ತೇವವೂ ಉಳಿಯುತ್ತದೆ.

ದಂಟು ಹೂತ ಹೊಲದಲ್ಲಿ ಹಿಂಗಾರಿಗೆ ಏನು ಬಿತ್ತಬೇಕೆಂದು ಕೇಳಿದರೆ, ಕಡಲೆ. ಬೇರುಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾದ ನೆರವಿನಿಂದ ಅದು ಗಾಳಿಯ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ, ಬಿಳಿಜೋಳ ಅಥವಾ ಗೋಧಿಯಷ್ಟು ಪೆಟ್ಟು ತಿನ್ನುವುದಿಲ್ಲ. ಗದಗ, ನವಲಗುಂದ ಕಡೆಯ ಎರೆ ಹೊಲಗಳಲ್ಲಿ ಮುಂಗಾರಿಗೆ ಹೆಸರು ಬೆಳೆದು ಹಿಂಗಾರಿಗೆ ಬಿಳಿಜೋಳ ಬಿತ್ತುವವರಿಗೆ ಈ ತೊಂದರೆ ಕಾಣದಿರುವುದಕ್ಕೂ ಕಾರಣವಿದೆ. ಕಾಯಿ ಬಿಡಿಸಿದ ಮೇಲೆ ಹಸಿರಿರುವಾಗಲೇ ಮಣ್ಣಿಗೆ ಸೇರಿದ ಹೆಸರಿನ ಗಿಡದಲ್ಲಿ ಸಾರಜನಕದ ಪಾಲು ಹೆಚ್ಚು. ಅದು ಬೇಗ ಕರಗಿ, ಮಿಕ್ಕದ್ದನ್ನು ಪೈರಿಗೆ ಬಿಟ್ಟುಕೊಡುತ್ತದೆ.

ಇಷ್ಟಾದ ಮೇಲೂ ಪೈರು ಹಳದಿಯಾದರೆ, ಯಾವ ಎಲೆ ಎಂದು ನೋಡಿ. ಕೆಳಗಿನ ಹಳೆಯ ಎಲೆಗಳು ತುದಿಯಿಂದ ನಡುದಿಂಡಿನಗುಂಟ ಹಳದಿಯಾಗುತ್ತ ಬಂದರೆ ಸಾರಜನಕದ ಕೊರತೆ. ಎಳೆಯ ಎಲೆಗಳ ನರಗಳ ನಡುವೆ ಬಿಳಿಚಿದರೆ ಕಬ್ಬಿಣದ್ದಿರಬಹುದು. ಮೊದಲನೆಯದಕ್ಕೆ ಟಾನಿಕ್ಕು, ಜಿಂಕ್ ಸಿಂಪಡಿಸಿ ಪ್ರಯೋಜನವಿಲ್ಲ. ಮುಂದಿನ ಕಂತಿನ ಯೂರಿಯಾವನ್ನು ಕೆಲವು ದಿನ ಮುಂಚೆಯೇ ತೆಗೆದುಕೊಂಡು, ಸಾಲಿನ ಪಕ್ಕದಲ್ಲಿ ಎರಡು ಇಂಚು ಆಳಕ್ಕೆ, ದಂಟಿಗೆ ತಾಗದಂತೆ ಹಾಕಿ ಎಡೆಕುಂಟೆ ಹೊಡೆಯಿರಿ.