ಜಯನಗರದಿಂದ ಯಲಹಂಕಕ್ಕೆ ಲೇಯರ್ ಕೇಕ್ ಜಾರದಂತೆ ಒಯ್ದಿದ್ದು

ಮೂರು ಲೇಯರ್ ಕೇಕ್, ಮೇಲೆ ಬಟರ್‌ಕ್ರೀಮ್ ಹೂವು. ಕಾರಿನಲ್ಲಿ ಹೆಬ್ಬಾಳ ದಾಟುವಷ್ಟರಲ್ಲಿ ಮೇಲಿನ ಲೇಯರ್ ಒಂದು ಬೆರಳಿನಷ್ಟು ಜಾರಿರುತ್ತಿತ್ತು, ಪಕ್ಕದ ಕ್ರೀಮ್ ಉಬ್ಬಿ ಬಿರುಕು ಬಿಟ್ಟಿರುತ್ತಿತ್ತು. ಮೂರು ಸಲ ಹೀಗೇ ಆಯ್ತು.

ತೊಡೆ ಮೇಲೆ ಇಟ್ಟುಕೊಂಡರೆ ಮೈ ಬಿಸಿಗೆ ತಳ ಮೆತ್ತಗಾಯಿತು. ಸೀಟು ಹಿಂದಕ್ಕೆ ವಾಲಿರುತ್ತೆ ಅಲ್ವಾ, ಅಲ್ಲಿಟ್ಟ ಕೇಕೂ ವಾಲಿತು. ಟೂತ್‌ಪಿಕ್ ಚುಚ್ಚಿದ್ದು ಸುಮ್ನೆ, ಅದು ಕೆಳಗಿನ ಲೇಯರ್ ತನಕ ಇಳಿಯುವುದೇ ಇಲ್ಲ.

ಕೊನೆಗೆ ಹಿಡಿದು ನಿಲ್ಲಿಸಿದ್ದು ಸ್ಟ್ರಾ ಮತ್ತು ಫ್ರಿಜ್. ಕೊನೆಯ ಕ್ರೀಮ್ ಹಚ್ಚುವ ಮುಂಚೆ ಮೂರು ದಪ್ಪ ಸ್ಟ್ರಾಗಳನ್ನು ತ್ರಿಕೋನವಾಗಿ, ತಳದ ಬೋರ್ಡ್ ಮುಟ್ಟುವ ತನಕ ಚುಚ್ಚಿ, ಕೇಕಿನ ಮಟ್ಟಕ್ಕೆ ಕತ್ತರಿಸಿದೆ. ಆಮೇಲೆ ಕ್ರೀಮ್, ಹೂವು. ಇಡೀ ರಾತ್ರಿ ಫ್ರಿಜ್‌ನಲ್ಲಿಟ್ಟೆ. ತಣ್ಣಗಾದರೆ ಬೆಣ್ಣೆ ಗಟ್ಟಿಯಾಗಿ ಲೇಯರ್‌ಗಳನ್ನು ಬಿಗಿಯಾಗಿ ಹಿಡಿಯುತ್ತೆ. ಬೆರಳು ತಾಗಿಸಿದರೆ ಗುರುತು ಬೀಳಬಾರದು, ಅಲ್ಲಿ ತನಕ ಹೊರಗೆ ತೆಗೆಯಬೇಡಿ.

ಬೋರ್ಡಿನಷ್ಟೇ ಅಗಲದ ಡಬ್ಬ ಬೇಕು. ಜಾಗ ಜಾಸ್ತಿ ಇದ್ದರೆ ಬೋರ್ಡೇ ಓಡಾಡುತ್ತೆ. ಡಬ್ಬವನ್ನು ಮುಂದಿನ ಎಡ ಸೀಟಿನ ಎದುರು, ಕಾಲಿಡುವ ಜಾಗದಲ್ಲಿ ಇಟ್ಟೆ. ಡಬ್ಬದ ಅಡಿಯಲ್ಲಿ ಜಾರದ ರಬ್ಬರ್ ಮ್ಯಾಟ್, ತಗ್ಗಿದ ಕಡೆ ಮಡಿಸಿದ ಟವೆಲ್. ಅರ್ಧ ನೀರಿದ್ದ ಬಾಟಲಿ ಮಲಗಿಸಿ ಮಟ್ಟ ನೋಡಿಕೊಂಡೆ. ಹೊರಡುವ 10 ನಿಮಿಷ ಮುಂಚೆಯೇ ಎಸಿ ಹಾಕಿದ್ದೆ.

ಯಲಹಂಕದಲ್ಲಿ ಮುಚ್ಚಳ ತೆಗೆದಾಗ ಒಂದು ಎಸಳೂ ಅಲುಗಿರಲಿಲ್ಲ. ಕತ್ತರಿಸುವಾಗ ಮೂರೂ ಸ್ಟ್ರಾ ಎಣಿಸಿ ತೆಗೆಯಿರಿ.